ನಾಲಿಗೆಯ ಮೇಲೊಂದು ಜಿಲ್ಲೆ

ಶನಿವಾರ ಸಂಜೆ ಮಂಡಕ್ಕಿ ಮಿರ್ಚಿ ತಿನ್ನದಿದ್ದರೆ ದಾವಣಗೆರೆಯವರಿಗೆ ವಾರ ಮುಗಿಯುವುದಿಲ್ಲ. ಆವತ್ತು ಮೊದಲ ಮಿರ್ಚಿಗೇ ನನ್ನ ನಾಲಿಗೆ ಕೆಂಡ ಮುಟ್ಟಿದ ಹಾಗೆ ಚುರ್ರೆಂದಿತು. ಖಾರ ಜಾಸ್ತಿ ಅಂತ ಅಂಗಡಿಯವನ ಮೇಲೆ ರೇಗಿದೆ. ಪಕ್ಕದಲ್ಲಿ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಅದೇ ಬಾಣಲೆಯ ಎರಡನೇ ಮಿರ್ಚಿ ಮುಗಿಸಿ ಬೆರಳು ನೆಕ್ಕುತ್ತಿದ್ದ. ತೆಪ್ಪಗಾದೆ.

ಮನೆಗೆ ಬಂದು ಕನ್ನಡಿ ಮುಂದೆ ನಾಲಿಗೆ ಚಾಚಿದೆ. ಎಡಗಡೆ ದೊಡ್ಡದೊಂದು ಕೆಂಪು ತೇಪೆ, ಅದರ ಸುತ್ತ ಗೆರೆ ಎಳೆದ ಹಾಗೆ ಬಿಳಿ ಅಂಚು. ಹಿಂದಿನಿಂದ ನೋಡಿದ ಅಮ್ಮ, "ದುಗ್ಗಮ್ಮನ ಜಾತ್ರೆ ಇನ್ನೂ ದೂರ ಐತಲ್ಲೋ, ಈಗ್ಲೇ ಮೈಮೇಲೆ ಬಂತೇನು?" ಅಂದರು.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಕನ್ನಡಕ ಹಾಕಿಕೊಂಡು, ಟಾರ್ಚ್ ಬಿಟ್ಟು ನೋಡಿದಳು. "ಥೇಟ್ ಹಳೇ ಚಿತ್ರದುರ್ಗ ಜಿಲ್ಲೆ ಕಣ್ರೀ! 1997ಕ್ಕೆ ಮುಂಚಿನದು. ನಮ್ಮ ದಾವಣಗೆರೆ ಇನ್ನೂ ಒಳಗೇ ಇದೆ" ಎಂದಳು. ಗಂಡನಿಗೆ ಏನೋ ಆಗಿದೆ ಅನ್ನುವ ಗಾಬರಿಗಿಂತ, ಪಾಠಕ್ಕೊಂದು ಉದಾಹರಣೆ ಸಿಕ್ಕ ಖುಷಿಯೇ ಮುಖದಲ್ಲಿತ್ತು.

ರಾತ್ರಿ ಮೊಬೈಲ್ ಹಿಡಿದು ಕೂತೆ. ನಾಲಿಗೆ ಪೂರ್ತಿ ನುಣ್ಣಗೆ ಕೆಂಪಾಗಿ ಹೊಳೆದರೆ ಬಿ12 ಅಥವಾ ಕಬ್ಬಿಣದ ಕೊರತೆ ಇರಬಹುದು. ಮೊಸರಿನಂಥ ಬಿಳಿ, ಒರೆಸಿದರೆ ಕೆಳಗೆ ಕೆಂಪು ಕಂಡರೆ ಶಿಲೀಂಧ್ರದ ಸೋಂಕು. ನೀಲಿಗಟ್ಟಿದರೆ ರಕ್ತದಲ್ಲಿ ಆಮ್ಲಜನಕ ಕಮ್ಮಿ, ತಕ್ಷಣ ಆಸ್ಪತ್ರೆಗೆ ಓಡಬೇಕು. ಇದನ್ನು ಓದಿದ್ದೇ ಮಲಗಿದ್ದ ಮಗನ ಮೇಲೂ ಅನುಮಾನ ಬಂತು. ಎಬ್ಬಿಸಿ ನಾಲಿಗೆ ತೆಗೆಸಿದೆ. ನೀಲಿ! ನನ್ನ ಎದೆ ಧಸಕ್ಕೆಂದಿತು. ಆಂಬ್ಯುಲೆನ್ಸ್‌ಗೆ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ದಿಂಬಿನ ಪಕ್ಕ ನೇರಳೆ ಹಣ್ಣಿನ ಬೀಜ ಕಾಣಿಸಿತು.

ಮರುದಿನ ಪಿ.ಬಿ. ರೋಡ್ ಸಿಗ್ನಲ್‌ನಲ್ಲಿ ನಿಂತಾಗ ತಡೆಯಲಾಗಲಿಲ್ಲ. ಬಿಸಿಲು ಚೆನ್ನಾಗಿತ್ತು, ಸ್ಕೂಟರ್ ಕನ್ನಡಿಯೂ ಸ್ವಚ್ಛವಾಗಿತ್ತು. ನಾಲಿಗೆ ಉದ್ದಕ್ಕೆ ಚಾಚಿ, ಆ ಕಡೆ ಈ ಕಡೆ ಹೊರಳಿಸಿ ನೋಡಿದೆ. ಅದೇ ಕನ್ನಡಿಯಲ್ಲಿ ಹಿಂದೆ ನಿಂತಿದ್ದ ಬೈಕಿನವರ ಮುಖವೂ ಕಂಡಿತು. ಮಗನ ಶಾಲೆಯ ಹೆಡ್‌ಮಾಸ್ತರು. ನಾಲಿಗೆ ಒಳಗೆ ಎಳೆದುಕೊಂಡು ನಮಸ್ಕಾರ ಮಾಡಿದೆ, ಆದರೆ ಸಿಗ್ನಲ್ ಹಸಿರಾಗಿತ್ತು. ಅವರು ನನ್ನನ್ನು ದಾಟಿ ಹೋದ ರಭಸ ನೋಡಿದರೆ, ಮುಂದಿನ ಪೋಷಕರ ಸಭೆಗೆ ಹೆಂಡತಿಯನ್ನು ಕಳಿಸುವುದೇ ವಾಸಿ.

ಡಾಕ್ಟರು ನೋಡಿದ ತಕ್ಷಣ ನಕ್ಕರು. "ಜಿಯಾಗ್ರಫಿಕ್ ಟಂಗ್. ಭೂಪಟದ ನಾಲಿಗೆ."

ಹೆಂಡತಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

ನಾಲಿಗೆ ಮೇಲೆ ಕಂಬಳಿಯ ಜುಂಗಿನ ಹಾಗೆ ಸಣ್ಣ ಸಣ್ಣ ಮೊನೆಗಳಿರುತ್ತವಂತೆ. ನೂರರಲ್ಲಿ ಒಬ್ಬರೋ ಮೂವರೋ, ಅಂಥವರಿಗೆ ಅವು ಅಲ್ಲಲ್ಲಿ ಸವೆದು ಕೆಂಪು ಜಾಗ ಕಾಣುತ್ತದೆ. ಇಲ್ಲಿ ಮತ್ತೆ ಬೆಳೆಯುವಷ್ಟರಲ್ಲಿ ಇನ್ನೊಂದು ಕಡೆ ಸವೆಯುತ್ತದೆ. ಅದಕ್ಕೇ ನಕ್ಷೆ ಬದಲಾಗುತ್ತಲೇ ಇರುತ್ತದೆ. ಅಂಟುಜಾಡ್ಯ ಅಲ್ಲ, ಕ್ಯಾನ್ಸರ್ ಅಲ್ಲ, ಔಷಧವೂ ಬೇಕಿಲ್ಲ. ಉರಿಯುವಾಗ ಖಾರ, ಹುಳಿ ಕಡಿಮೆ ಮಾಡಿದರೆ ಸಾಕು.

ಆಮೇಲೆ ನಗು ನಿಲ್ಲಿಸಿ, "ಅಡಿಕೆ, ತಂಬಾಕು ಹಾಕ್ತೀರಾ?" ಅಂತ ಕೇಳಿದರು. ಇಲ್ಲ ಅಂದರೂ ನಂಬದೆ ನಾಲಿಗೆಯ ಪಕ್ಕ, ಅಡಿ ಎಲ್ಲಾ ಒತ್ತಿ ನೋಡಿದರು. "ಎರಡು ವಾರವಾದರೂ ಮಾಯದ ಹುಣ್ಣು, ಕೆರೆದರೂ ಹೋಗದ ಬಿಳಿ ಮಚ್ಚೆ ಕಂಡರೆ ಓಡಿ ಬನ್ನಿ. ಇದಕ್ಕಲ್ಲ" ಎಂದರು.

ಈಗ ಪ್ರತಿ ಭಾನುವಾರ ಮನೆಯಲ್ಲಿ ಸರ್ವೆ ನಡೆಯುತ್ತದೆ. ಎರಡನೇ ವಾರಕ್ಕೆ ತೇಪೆ ಎರಡು ಹೋಳಾಯಿತು. "ದಾವಣಗೆರೆ ಬೇರೆ ಜಿಲ್ಲೆ ಆಯ್ತು" ಎಂದು ಘೋಷಣೆಯಾಯಿತು. ಮೂರನೇ ವಾರ ಮೇಲುಗಡೆ ಪುಟ್ಟದೊಂದು ತುಂಡು ಬಂದು ಸೇರಿತು, ಹರಪನಹಳ್ಳಿ. ನಿಜವಾದ ಹರಪನಹಳ್ಳಿ ತಾಲ್ಲೂಕೂ ದಾವಣಗೆರೆ ಜಿಲ್ಲೆಗೆ ಬಂದು ಸೇರಿ, ಆಮೇಲೆ ಬಿಟ್ಟು ಹೋಯಿತಲ್ವಾ, ಹಾಗೇ ಇದೂ ನಾಲ್ಕನೇ ವಾರ ಬಿಟ್ಟು ಹೋಯಿತು.

ಮೊನ್ನೆ ಶನಿವಾರ ಅದೇ ಅಂಗಡಿಗೆ ಹೋಗಿ, "ಖಾರ ಕಮ್ಮಿ ಇರೋ ಮಿರ್ಚಿ ಇದೆಯೇನಪ್ಪಾ?" ಅಂತ ಮೆಲ್ಲಗೆ ಕೇಳಿದೆ. ಅವನು ಜಾಲರಿ ಎತ್ತಿ ಹಿಡಿದವನು ಹಾಗೇ ನಿಂತು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಯಾವ ಜಿಲ್ಲೆ ಸಾರ್ ನಿಮ್ದು?"

ನಾಲಿಗೆ ಚಾಚಿ ತೋರಿಸೋಣ ಅನ್ನಿಸಿತು.