ಮೈದಾನದಾಚೆ ಅಂಪೈರ್ ಯಾರು?

2014ರ ಮೇ ತಿಂಗಳು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್ ತಂಡದ ಆಟಗಾರ ರೇ ರೈಸ್ ಪತ್ರಿಕಾಗೋಷ್ಠಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಹೆಂಡತಿ. ಮೂರು ತಿಂಗಳ ಹಿಂದೆ, ಇನ್ನೂ ಮದುವೆ ಆಗುವ ಮೊದಲು, ಅಟ್ಲಾಂಟಿಕ್ ಸಿಟಿಯ ಒಂದು ಕ್ಯಾಸಿನೊ ಲಿಫ್ಟ್‌ನಲ್ಲಿ ಅವನು ಪ್ರಜ್ಞೆ ತಪ್ಪುವ ಹಾಗೆ ಹೊಡೆದಿದ್ದು ಇದೇ ಹೆಣ್ಣುಮಗಳನ್ನು. ಅವತ್ತು ಅವನು ತಂಡದ ಮಾಲೀಕರ ಕ್ಷಮೆ ಕೇಳಿದ. ಮ್ಯಾನೇಜರರ ಕ್ಷಮೆ ಕೇಳಿದ. ಕೋಚ್, ಅಭಿಮಾನಿಗಳು, ಎಲ್ಲರ ಕ್ಷಮೆ ಕೇಳಿದ. ಪಕ್ಕದಲ್ಲಿ ಕೂತಿದ್ದವಳ ಕ್ಷಮೆ ಮಾತ್ರ ಕೇಳಲಿಲ್ಲ. ಇದು ಸಾಲದು ಅಂತ, ಆ ರಾತ್ರಿ ನಡೆದದ್ದರಲ್ಲಿ ತನ್ನ ಪಾಲಿಗೆ ಆಕೆಯೇ ವಿಷಾದ ಪಟ್ಟಿದ್ದಾರೆ ಅಂತ ತಂಡದ ಖಾತೆಯಿಂದ ಒಂದು ಟ್ವೀಟ್ ಬೇರೆ ಹೋಯಿತು. ಆಮೇಲೆ ಅಳಿಸಿದರು ಬಿಡಿ.

ಜುಲೈನಲ್ಲಿ ಲೀಗ್ ಕೊಟ್ಟ ಶಿಕ್ಷೆ ಎರಡು ಪಂದ್ಯದ ಅಮಾನತು. ಪ್ರಜ್ಞೆ ಇಲ್ಲದ ಆಕೆಯನ್ನು ಅವನು ಲಿಫ್ಟ್‌ನಿಂದ ಹೊರಗೆ ಎಳೆಯುವ ವಿಡಿಯೊವನ್ನು ಫೆಬ್ರವರಿಯಲ್ಲೇ ಎಲ್ಲರೂ ನೋಡಿ ಆಗಿತ್ತು. ಸೆಪ್ಟೆಂಬರ್ 8ಕ್ಕೆ ಲಿಫ್ಟ್ ಒಳಗಿನ ವಿಡಿಯೊ ಹೊರಬಿತ್ತು. ಅದೇ ದಿನ ತಂಡ ಅವನನ್ನು ಕೈಬಿಟ್ಟಿತು. ಲೀಗ್ ಅನಿರ್ದಿಷ್ಟ ಕಾಲ ಅಮಾನತು ಮಾಡಿತು. ನವೆಂಬರ್‌ನಲ್ಲಿ ಮಾಜಿ ನ್ಯಾಯಾಧೀಶೆ ಬಾರ್ಬರಾ ಜೋನ್ಸ್ ಆ ಅಮಾನತನ್ನು ರದ್ದು ಮಾಡಿದರು. ರೈಸ್ ಲೀಗಿಗೆ ಸುಳ್ಳು ಹೇಳಿರಲಿಲ್ಲ, ಒಂದೇ ತಪ್ಪಿಗೆ ಎರಡನೇ ಸಲ ಶಿಕ್ಷೆ ಕೊಡೋಕೆ ಬರಲ್ಲ ಅನ್ನೋದು ಅವರ ತೀರ್ಪು. ಅವರು ಹೇಳಿದ್ದು ಸರಿಯೇ. ಜುಲೈಗೂ ಸೆಪ್ಟೆಂಬರ್‌ಗೂ ನಡುವೆ ಏಟಿನ ಜೋರು ಬದಲಾಗಿರಲಿಲ್ಲ. ಅದನ್ನು ನೋಡಿದವರ ಸಂಖ್ಯೆ ಬದಲಾಗಿತ್ತು, ಅಷ್ಟೇ.

ಇಷ್ಟು ಹಳೆಯ ಕಥೆ ಈಗ ಯಾಕೆ ಅಂದರೆ, ಆಮೇಲೂ ಆಟಗಾರರ ಮೇಲೆ ಮೈದಾನದ ಹೊರಗಿನ ತಪ್ಪಿನ ಆರೋಪ ಬಂದಾಗ ಬಹಳಷ್ಟು ಲೀಗ್‌ಗಳು ಹೀಗೇ ನಡೆದುಕೊಂಡಿವೆ. ಮೊದಲು ಗದ್ದಲ ಎಷ್ಟಿದೆ ಅಂತ ನೋಡುತ್ತಾರೆ. ಆಮೇಲೆ ಹುಡುಗ ಎಷ್ಟು ಚೆನ್ನಾಗಿ ಆಡ್ತಾನೆ ಅಂತ ನೋಡುತ್ತಾರೆ. ಕೊನೆಗೆ ನಿಯಮದ ಪುಸ್ತಕ ಹುಡುಕುತ್ತಾರೆ. ನನ್ನ ಪ್ರಕಾರ ಈ ಕ್ರಮವೇ ಉಲ್ಟಾ. ಯಾರ ಹೆಸರು ಬರುತ್ತೆ ಅಂತ ಗೊತ್ತಾಗುವ ಮೊದಲೇ ನಿಯಮ ಬರೆದಿಟ್ಟಿರಬೇಕು. ಅದನ್ನು ಜಾರಿ ಮಾಡುವವರಿಗೆ ಆ ಆಟಗಾರ ಆಡಿದರೂ ಆಡದಿದ್ದರೂ ಒಂದು ಪೈಸೆ ಲಾಭ-ನಷ್ಟ ಇರಬಾರದು.

“ಕೋರ್ಟ್ ಇದೆಯಲ್ಲ, ಅದು ನೋಡಿಕೊಳ್ಳುತ್ತೆ” ಅನ್ನೋರು ಬೇಕಾದಷ್ಟು ಜನ ಇದ್ದಾರೆ. ಕೋರ್ಟಿನ ಮುಂದೆ ಇರೋ ಪ್ರಶ್ನೆ ಇವನನ್ನು ಜೈಲಿಗೆ ಹಾಕಬೇಕಾ ಅನ್ನೋದು. ಲೀಗಿನ ಮುಂದೆ ಇರೋ ಪ್ರಶ್ನೆ ಇವನಿಗೆ ಜೆರ್ಸಿ ಕೊಟ್ಟು, ಪೋಸ್ಟರ್‌ನಲ್ಲಿ ಹಾಕಿ, ಸಾವಿರಾರು ಮಕ್ಕಳ ಮುಂದೆ ನಿಲ್ಲಿಸಬೇಕಾ ಅನ್ನೋದು. ಎರಡೂ ಒಂದೇ ಅಲ್ಲ. ಕ್ಯಾಷಿಯರ್ ಮೇಲೆ ಹಣ ತಿಂದ ಕೇಸು ಬಿದ್ದರೆ ತೀರ್ಪು ಬರೋವರೆಗೂ ಅದೇ ಕೌಂಟರಿನಲ್ಲಿ ಯಾರೂ ಕೂರಿಸಲ್ಲ, ಹಾಗಂತ ಅವನು ಕಳ್ಳ ಅಂತ ಬೋರ್ಡೂ ಹಾಕಲ್ಲ.

ಇನ್ನೊಂದು ಕಡೆಯವರು “ಆರೋಪ ಬಂತಾ? ಕಿತ್ತು ಬಿಸಾಕಿ” ಅನ್ನುತ್ತಾರೆ. ಲೀಗಿನ ಹತ್ತಿರ ಪೊಲೀಸರ ಅಧಿಕಾರ ಇಲ್ಲ. ಸಾಕ್ಷಿಗಳನ್ನು ಬಲವಂತವಾಗಿ ಕರೆಸೋಕೆ ಆಗಲ್ಲ. ಫೋನ್ ಜಪ್ತಿ ಮಾಡೋಕೆ ಆಗಲ್ಲ. ಅರ್ಧಂಬರ್ಧ ಗೊತ್ತಿದ್ದುಕೊಂಡು ಒಬ್ಬನ ಬದುಕು ಮುಗಿಸೋದು ನ್ಯಾಯ ಹೇಗಾಗುತ್ತೆ? ಶ್ರೀಲಂಕಾದ ದನುಷ್ಕ ಗುಣತಿಲಕನನ್ನು 2022ರ ನವೆಂಬರ್‌ನಲ್ಲಿ, ಟಿ20 ವಿಶ್ವಕಪ್ ನಡುವೆಯೇ, ಸಿಡ್ನಿಯಲ್ಲಿ ಬಂಧಿಸಿದರು. ಅವರ ಕ್ರಿಕೆಟ್ ಮಂಡಳಿ ಕೂಡಲೇ ಅಮಾನತು ಮಾಡಿತು. 2023ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಅವನನ್ನು ನಿರ್ದೋಷಿ ಅಂದಿತು, ಮುಂದಿನ ತಿಂಗಳು ಮಂಡಳಿ ಅಮಾನತು ತೆಗೆಯಿತು. ಕೇಸು ನಡೆಯುವಾಗ ಆಡಿಸದೆ ಇದ್ದಿದ್ದು ತಪ್ಪು ಅಂತ ನನಗೆ ಅನ್ನಿಸಲ್ಲ. ಆದರೆ ಅದನ್ನು ಶಿಕ್ಷೆ ಅಂತ ಕರೆದಿದ್ದರೆ ವಾಪಸ್ ತಗೊಳ್ಳೋದು ಹೇಗೆ?

ಈ ಗಂಟನ್ನು ಒಂದು ಮಟ್ಟಿಗೆ ಬಿಡಿಸಿರೋದು ಆಸ್ಟ್ರೇಲಿಯಾದ ರಗ್ಬಿ ಲೀಗ್. ಎನ್‌ಆರ್‌ಎಲ್‌ನವರು 2019ರಲ್ಲಿ ಒಂದು ನಿಯಮ ತಂದರು. 11 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಆಗಬಹುದಾದ ಅಪರಾಧದಲ್ಲಿ ಪೊಲೀಸರು ಅಧಿಕೃತವಾಗಿ ಆರೋಪ ಹೊರಿಸಿದರೆ, ಆ ಆಟಗಾರ ತಾನಾಗಿಯೇ ಹೊರಗೆ. ಕೇಸು ಮುಗಿಯೋವರೆಗೂ ಪಂದ್ಯ ಆಡುವ ಹಾಗಿಲ್ಲ. ಆದರೆ ಪೂರ್ತಿ ಸಂಬಳ ಬರುತ್ತೆ. ತಂಡದ ಜೊತೆ ತರಬೇತಿಗೂ ಅಡ್ಡಿ ಇಲ್ಲ. ಅದಕ್ಕಿಂತ ಸಣ್ಣ ಆರೋಪವಾದರೆ, ಅದರಲ್ಲೂ ಹೆಂಗಸರು-ಮಕ್ಕಳ ಮೇಲಿನ ಹಿಂಸೆಯಾದರೆ, ಲೀಗಿನ ಮುಖ್ಯಸ್ಥರು ಯೋಚಿಸಿ ತೀರ್ಮಾನ ಮಾಡಬಹುದು. ತಪ್ಪು ಮಾಡಿದ್ದಾನೆ ಅಂತ ಲೀಗ್ ಹೇಳುತ್ತಿಲ್ಲ ಅನ್ನೋದನ್ನು ‘ನೋ-ಫಾಲ್ಟ್ ಸ್ಟ್ಯಾಂಡ್ ಡೌನ್’ (ತಪ್ಪು ಹೊರಿಸದೆ ಹೊರಗಿಡೋದು) ಅನ್ನೋ ನಿಯಮದ ಹೆಸರಿನಲ್ಲೇ ಸ್ಪಷ್ಟ ಮಾಡಿದ್ದಾರೆ.

ಇದರ ಬಿಸಿ ಮೊದಲು ತಟ್ಟಿದ್ದು ಜ್ಯಾಕ್ ಡಿ ಬೆಲಿನ್ ಅನ್ನೋ ಆಟಗಾರನಿಗೆ. ಅವನು ಫೆಡರಲ್ ಕೋರ್ಟಿಗೆ ಹೋಗಿ ನಿಯಮವನ್ನೇ ಪ್ರಶ್ನೆ ಮಾಡಿದ, ಸೋತ. 2019, 2020 ಎರಡೂ ಸೀಸನ್ ಹೋದವು. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ, ಎರಡನೆಯದರಲ್ಲೂ ಪೂರ್ತಿ ಇತ್ಯರ್ಥ ಆಗಲಿಲ್ಲ. 2021ರಲ್ಲಿ ಸರ್ಕಾರಿ ವಕೀಲರು ಕೇಸು ಕೈಬಿಟ್ಟರು. ಅವನು ವಾಪಸ್ ಬಂದು ಆಡಿದ. ಹತ್ತು-ಹನ್ನೆರಡು ವರ್ಷದ ಆಟದ ಬದುಕಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಂದರೆ ಕಡಿಮೆ ಏನಲ್ಲ. ಇದು ಈ ನಿಯಮದ ನಿಜವಾದ ಬೆಲೆ, ಅದನ್ನು ಮುಚ್ಚಿಟ್ಟು ವಾದ ಮಾಡಬಾರದು. ಆದರೂ ನಾನು ಈ ನಿಯಮದ ಪರ. ಯಾಕೆಂದರೆ ಅವನ ಮುಖ ನೋಡಿ ಯಾರೂ ತೀರ್ಮಾನ ಮಾಡಲಿಲ್ಲ. ಸಂಬಳವೂ ನಿಲ್ಲಲಿಲ್ಲ.

ಸಂಬಳದ ವಿಷಯ ಸಣ್ಣದು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್, ಆರೋಪ ಎದುರಿಸುತ್ತಿದ್ದ ಬೆಂಜಮಿನ್ ಮೆಂಡಿಯ ಸಂಬಳ ನಿಲ್ಲಿಸಿತ್ತು. 2023ರಲ್ಲಿ ಅವನು ಎಲ್ಲ ಆರೋಪಗಳಿಂದ ಖುಲಾಸೆಯಾದ. 2024ರಲ್ಲಿ ಅಲ್ಲಿನ ಉದ್ಯೋಗ ನ್ಯಾಯಮಂಡಳಿ, ತಡೆಹಿಡಿದ ಸಂಬಳದಲ್ಲಿ ಹೆಚ್ಚಿನ ಪಾಲು ಅವನಿಗೆ ಸಿಗಬೇಕು ಅಂತ ಹೇಳಿತು. ತೀರ್ಪಿಗೆ ಮೊದಲೇ ಸಂಬಳ ಕಿತ್ತುಕೊಂಡರೆ ಅದು ಶಿಕ್ಷೆಯೇ, ಬೇರೆ ಹೆಸರಿಟ್ಟರೂ ಅಷ್ಟೇ.

ನಿಯಮ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ನೇಪಾಳದ ಕ್ರಿಕೆಟಿಗ ಸಂದೀಪ್ ಲಾಮಿಛಾನೆ ಪ್ರಕರಣ ನೋಡಿ. 2022ರಲ್ಲಿ ಅವನ ಮೇಲೆ ಅತ್ಯಾಚಾರದ ದೂರು ಬಂತು. ಮಂಡಳಿ ಅಮಾನತು ಮಾಡಿತು. ಕೆಲವೇ ತಿಂಗಳಲ್ಲಿ, ಕೇಸು ನಡೆಯುತ್ತಿರುವಾಗಲೇ, ಅಮಾನತು ತೆಗೆದು ಆಡಿಸಿತು. 2024ರ ಜನವರಿಯಲ್ಲಿ 8 ವರ್ಷ ಶಿಕ್ಷೆ ಆಯಿತು, ಮತ್ತೆ ಅಮಾನತು. ಮೇ ತಿಂಗಳಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು, ಕೂಡಲೇ ವಿಶ್ವಕಪ್ ತಂಡಕ್ಕೆ. ಅವನು ತಪ್ಪಿತಸ್ಥನಾ ಅಲ್ಲವಾ ಅನ್ನೋದನ್ನು ಕೋರ್ಟ್ ನೋಡಿದೆ, ಅದು ನನ್ನ ಕೆಲಸ ಅಲ್ಲ. ನನ್ನ ಪ್ರಶ್ನೆ ಮಂಡಳಿಗೆ. ಕೇಸು ಮುಗಿಯದೇ ಇರುವಾಗ ನಡುವೆ ಅಮಾನತು ತೆಗೆದಿದ್ದು ಯಾವ ನಿಯಮದ ಮೇಲೆ? ದೂರು ಕೊಟ್ಟ ಹುಡುಗಿಗೆ ಅದು ಹೇಗೆ ಕಂಡಿರಬಹುದು?

ಇನ್ನು ತೀರ್ಮಾನ ಯಾರ ಕೈಯಲ್ಲಿರಬೇಕು ಅನ್ನೋದಕ್ಕೆ ಬರೋಣ. ಎನ್‌ಎಫ್‌ಎಲ್‌ನ ಡೆಶಾನ್ ವಾಟ್ಸನ್ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು ಲೈಂಗಿಕ ದುರ್ವರ್ತನೆಯ ಸಿವಿಲ್ ಕೇಸು ಹಾಕಿದ್ದರು. ಅವನು ಎಲ್ಲವನ್ನೂ ಅಲ್ಲಗಳೆದ. ಗ್ರ್ಯಾಂಡ್ ಜ್ಯೂರಿಗಳು ಕ್ರಿಮಿನಲ್ ಆರೋಪ ಹೊರಿಸಲಿಲ್ಲ. 2022ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅವನಿಗೆ 5 ವರ್ಷಕ್ಕೆ 23 ಕೋಟಿ ಡಾಲರ್ ಕೊಟ್ಟು ಕರೆತಂದಿತು, ಅಷ್ಟೂ ಖಾತರಿ ಹಣ. ಅದರ ಒಳಗಿನ ಲೆಕ್ಕ ನೋಡಬೇಕು ನೀವು. ಮೊದಲ ವರ್ಷದ ಮೂಲ ಸಂಬಳ ಬರೀ 10 ಲಕ್ಷ ಡಾಲರ್ ಚಿಲ್ಲರೆ. ಉಳಿದದ್ದು ಬೋನಸ್ ರೂಪದಲ್ಲಿ, ಮುಂದಿನ ವರ್ಷಗಳ ಸಂಬಳದಲ್ಲಿ. ಅಮಾನತಾದರೆ ಕಡಿತ ಆಗೋದು ಮೂಲ ಸಂಬಳದಿಂದ! ಅಮಾನತು ಬರೋ ಹಾಗಿದೆ ಅಂತ ಎಲ್ಲರಿಗೂ ಗೊತ್ತಿದ್ದ ವರ್ಷ ಅದು. ನಿಯಮ ಎಲ್ಲಿ ಕಚ್ಚುತ್ತೋ ಅಲ್ಲಿ ಮೊದಲೇ ಬ್ಯಾಂಡೇಜ್ ಸುತ್ತಿಟ್ಟ ಹಾಗಿದೆ ಈ ಕಾಂಟ್ರಾಕ್ಟ್.

ವಿಚಾರಣೆ ನಡೆಸಿದ ಮಾಜಿ ನ್ಯಾಯಾಧೀಶೆ ಸೂ ರಾಬಿನ್ಸನ್ ಅವನು ನಿಯಮ ಮುರಿದಿದ್ದಾನೆ ಅಂತಲೇ ಹೇಳಿದರು. ಆದರೆ ಕೊಟ್ಟಿದ್ದು 6 ಪಂದ್ಯ. ಲೀಗ್ ಈ ಹಿಂದೆ ಇಂಥದ್ದಕ್ಕೆ ಸಣ್ಣ ಶಿಕ್ಷೆ ಕೊಟ್ಟು ಬಂದಿದೆ, ಈಗ ಮುನ್ಸೂಚನೆ ಇಲ್ಲದೆ ದೊಡ್ಡದು ಕೇಳಿದರೆ ಆಗಲ್ಲ ಅನ್ನೋ ಧಾಟಿ ಅವರದು. ಲೀಗ್ ಮೇಲ್ಮನವಿ ಹಾಕಿತು. ಯಾರ ಹತ್ತಿರ? ಲೀಗಿನ ಕಮಿಷನರ್ ನೇಮಿಸುವ ವ್ಯಕ್ತಿಯ ಹತ್ತಿರವೇ. ಕೊನೆಗೆ 11 ಪಂದ್ಯ, 50 ಲಕ್ಷ ಡಾಲರ್ ದಂಡಕ್ಕೆ ರಾಜಿ ಆಯಿತು. ಶಿಕ್ಷೆ ಜಾಸ್ತಿಯಾಗಿದ್ದು ನನಗೆ ಸಮಾಧಾನವೇ. ಆದರೆ ಅದಾದ ರೀತಿ ಸಮಾಧಾನ ಇಲ್ಲ. ಕೆಳಗಿನ ತೀರ್ಪು ಇಷ್ಟವಾಗದಿದ್ದರೆ ಮೇಲೆ ನಾನೇ ಕೂತಿರ್ತೀನಿ ಅನ್ನೋದಾದರೆ ಸ್ವತಂತ್ರ ವಿಚಾರಣೆ ಅನ್ನೋ ಮಾತೇ ಮೂಗಿಗೆ ಸವರೋ ತುಪ್ಪ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದ್ದಾರೆ. 2015ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಒಟ್ಟಿಗೆ ಕೂತು ಕೌಟುಂಬಿಕ ಹಿಂಸೆ, ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ದೌರ್ಜನ್ಯಕ್ಕೆ ನೀತಿ ಬರೆದರು. ಕೋರ್ಟಿನಲ್ಲಿ ಶಿಕ್ಷೆ ಆಗದಿದ್ದರೂ ಲೀಗ್ ಕ್ರಮ ತಗೋಬಹುದು. ಟ್ರೆವರ್ ಬಾವರ್‌ಗೆ 2022ರಲ್ಲಿ 324 ಪಂದ್ಯ, ಅಂದರೆ ಪೂರ್ತಿ ಎರಡು ಸೀಸನ್ ಅಮಾನತು ಆಯಿತು. ಅವನ ಮೇಲೆ ಕ್ರಿಮಿನಲ್ ಕೇಸು ದಾಖಲಾಗಿರಲಿಲ್ಲ, ಅವನು ಆರೋಪ ಒಪ್ಪಿಯೂ ಇರಲಿಲ್ಲ. ಹೊರಗಿನ ಮಧ್ಯಸ್ಥಗಾರರು ಅದನ್ನು 194ಕ್ಕೆ ಇಳಿಸಿದರು. ಲೀಗಿಗೆ ಬೇಕಾದ್ದೂ ಪೂರ್ತಿ ಸಿಗಲಿಲ್ಲ, ಆಟಗಾರನಿಗೂ ಸಿಗಲಿಲ್ಲ. ಆದರೆ ಯಾವ ತಪ್ಪಿಗೆ ಎಷ್ಟು ಅನ್ನೋದನ್ನು ಆ ನೀತಿಯಲ್ಲೂ ಬರೆದಿಲ್ಲ. ಅದು ದೊಡ್ಡ ಕೊರತೆ.

ತಪ್ಪು ಅಂದರೆ ಯಾವುದು ಅನ್ನೋದರಲ್ಲೇ ಲೀಗ್‌ಗಳ ಲೆಕ್ಕ ವಿಚಿತ್ರ. ಎನ್‌ಎಫ್‌ಎಲ್‌ನ ಕ್ಯಾಲ್ವಿನ್ ರಿಡ್ಲಿ ಫೋನಿನಲ್ಲಿ ಬೆಟ್ಟಿಂಗ್ ಕಟ್ಟಿದ. ಅವನೇ ಹೇಳಿದ ಪ್ರಕಾರ ಒಟ್ಟು 1,500 ಡಾಲರ್. 2022ರ ಪೂರ್ತಿ ಸೀಸನ್ ಹೋಯಿತು. ಹೆಂಡತಿಯಾಗುವವಳನ್ನು ಹೊಡೆದು ಬೀಳಿಸಿದ್ದಕ್ಕೆ ಮೊದಲು ಬಂದಿದ್ದು ಎರಡು ಪಂದ್ಯ. ಬೆಟ್ಟಿಂಗ್ ಲೀಗಿನ ವ್ಯಾಪಾರದ ಬುಡಕ್ಕೆ ಕೊಡಲಿ, ಅದಕ್ಕೆ ಕಠಿಣ ಶಿಕ್ಷೆ ಇರೋದು ಅರ್ಥವಾಗುತ್ತೆ. ಹಾಗಾದರೆ ಮನುಷ್ಯರಿಗೆ ಏಟು ಬಿದ್ದರೆ ಯಾರ ಬುಡಕ್ಕೂ ಕೊಡಲಿ ಬೀಳಲ್ವಾ?

ಹಾರ್ದಿಕ್ ಪಾಂಡ್ಯ, ಕೆ.ಎಲ್. ರಾಹುಲ್ 2019ರಲ್ಲಿ ಒಂದು ಟಿವಿ ಶೋ ವಿಚಾರಕ್ಕೆ ಸಿಕ್ಕಿಹಾಕಿಕೊಂಡಿದ್ದು ನೆನಪಿರಬೇಕಲ್ಲ. ಹೆಂಗಸರ ಬಗ್ಗೆ ಆಡಿದ ಮಾತು ಕೀಳಾಗಿತ್ತು, ಅದರಲ್ಲೂ ಪಾಂಡ್ಯನದು. ಇಬ್ಬರನ್ನೂ ಆಸ್ಟ್ರೇಲಿಯಾದಿಂದ ವಾಪಸ್ ಕಳಿಸಿದರು. ಎರಡು ವಾರದಲ್ಲಿ ಅಮಾನತು ತೆಗೆದರು. ಏಪ್ರಿಲ್‌ನಲ್ಲಿ ಬಿಸಿಸಿಐನ ಒಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಅಧಿಕಾರಿ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅದರಲ್ಲಿ ಅರ್ಧ ಹುತಾತ್ಮ ಅರೆಸೇನಾ ಸಿಬ್ಬಂದಿಯ 10 ಕುಟುಂಬಗಳಿಗೆ, ಇನ್ನರ್ಧ ಅಂಧರ ಕ್ರಿಕೆಟ್‌ಗೆ. ಹಣ ಒಳ್ಳೆಯ ಕಡೆಗೇ ಹೋಯಿತು, ಸಂತೋಷ. ಆದರೆ ಮಾತಾಡಿದ್ದು ಹೆಂಗಸರ ಬಗ್ಗೆ. ದಂಡ ಹೋಗಿದ್ದು ಅದಕ್ಕೆ ಸಂಬಂಧವೇ ಇಲ್ಲದ ಕಡೆ. ನನಗಂತೂ ಕೆಟ್ಟ ಮಾತಿಗೆ ದಂಡ, ಎಚ್ಚರಿಕೆ ಸಾಕು. ಆಟದ ಹೆಸರಿಗೆ ಮಸಿ ಬಳಿದರು ಅನ್ನೋ ಒಂದೇ ಕಲಮಿನಲ್ಲಿ ಬಾಯಿ ಜಾರಿದವನನ್ನೂ ಕೈ ಮಾಡಿದವನನ್ನೂ ತುರುಕೋದು ಸರಿಯಲ್ಲ. ಮುಜುಗರ ಬೇರೆ, ಹಾನಿ ಬೇರೆ.

ಈ ಎಲ್ಲ ಚರ್ಚೆಯಲ್ಲಿ ಮರೆತುಹೋಗೋದು ದೂರು ಕೊಡುವವರು. ಹೊಡೆತ ತಿಂದವಳು ಅವನ ಮನೆಯಲ್ಲೇ ಇದ್ದರೆ, ಅವನ ಸಂಬಳದ ಮೇಲೇ ಮಕ್ಕಳು ಬೆಳೆಯುತ್ತಿದ್ದರೆ, ಬಾಯಿ ಬಿಟ್ಟರೆ ಮನೆಯ ಆದಾಯವೇ ನಿಲ್ಲುತ್ತೆ ಅನ್ನೋ ಭಯ ಇದ್ದೇ ಇರುತ್ತೆ. ಹಾಗಾಗಿ ಬರೀ ದೊಡ್ಡ ಶಿಕ್ಷೆ ಬರೆದಿಟ್ಟರೆ ಸಾಲದು. ಸಂಬಳ ಕಡಿತವಾದರೆ ಕುಟುಂಬದ ಪಾಲು ಮೊದಲು ತೆಗೆದಿಡಬೇಕು. ದೂರು ತಂಡದ ಮ್ಯಾನೇಜರ್ ಹತ್ತಿರ ಹೋಗದೆ ನೇರವಾಗಿ ಹೊರಗಿನ ಸಮಿತಿಗೆ ಹೋಗಬೇಕು. ತಂಡಗಳಿಗೆ ಗೊತ್ತಿದ್ದೂ ಸುಮ್ಮನಿದ್ದರೆ ಏನಾಗುತ್ತೆ ಅನ್ನೋದು ಅಮೆರಿಕದ ಮಹಿಳಾ ಫುಟ್‌ಬಾಲ್ ಲೀಗಿನಲ್ಲಿ ಬಯಲಾಯಿತು. ಅಲ್ಲಿ ಆಟಗಾರ್ತಿಯರನ್ನು ಪೀಡಿಸಿದ್ದು ಕೋಚ್‌ಗಳು. ಪಾಲ್ ರೈಲಿ ಒಂದು ಕ್ಲಬ್ ಬಿಟ್ಟು ಇನ್ನೊಂದಕ್ಕೆ ಹೋದ. ಯಾಕೆ ಬಿಟ್ಟ ಅಂತ ಮೊದಲ ಕ್ಲಬ್ ಜನರಿಗೆ ಹೇಳಲೇ ಇಲ್ಲ. 2022ರಲ್ಲಿ ಸ್ಯಾಲಿ ಯೇಟ್ಸ್ ತನಿಖಾ ವರದಿ ಬಂತು, 2023ರ ಜನವರಿಯಲ್ಲಿ ನಾಲ್ವರು ಕೋಚ್‌ಗಳಿಗೆ ಆಜೀವ ನಿಷೇಧ ಬಿತ್ತು. ಆಟಗಾರರ ವಿಷಯದಲ್ಲೂ ಇದೇ ಬೇಕು. ತಂಡ ಬದಲಾಯಿಸಿದರೆ ಫೈಲು ಹಿಂದೆಯೇ ಹೋಗಬೇಕು.

ಶಿಕ್ಷೆ ಮುಗಿಸಿದವನು ವಾಪಸ್ ಬರಬಹುದಾ? ಬರಬಹುದು, ಬರಬೇಕು. ಆದರೆ ಈಗ ಆ ಬಾಗಿಲು ತೆರೆಯೋದು ಫಾರ್ಮ್ ನೋಡಿ. ರೇ ರೈಸ್ ಅಮಾನತು ರದ್ದಾದಾಗ ಅವನಿಗೆ 27 ವರ್ಷ. ಹಿಂದಿನ ಸೀಸನ್ ಕಳಪೆಯಾಗಿತ್ತು. ಒಂದು ತಂಡವೂ ಕರೆಯಲಿಲ್ಲ. ಸಾಲಾಗಿ ಕೇಸುಗಳಿದ್ದ ವಾಟ್ಸನ್‌ಗೆ 23 ಕೋಟಿ. ಆಟ ಇಳಿಮುಖ ಆದವನಿಗೆ ನೀತಿಪಾಠ, ಫಾರ್ಮಲ್ಲಿರೋನಿಗೆ ಎರಡನೇ ಅವಕಾಶ. ವಾಪಸ್ ಬರೋಕೆ ಏನು ಮಾಡಬೇಕು ಅನ್ನೋದೂ ಮೊದಲೇ ಬರೆದಿರಲಿ. ಕೌನ್ಸೆಲಿಂಗ್, ಕಾಯುವ ಅವಧಿ, ಮತ್ತೆ ತಪ್ಪಿದರೆ ಏನು, ಎಲ್ಲ.

ನಮ್ಮ ಕ್ರಿಕೆಟ್‌ನಲ್ಲಿ ಇದಕ್ಕೆಲ್ಲ ಒಂದು ಮೂಲ ತೊಡಕಿದೆ. ಬೇಸ್‌ಬಾಲ್‌ನಲ್ಲಿ ನೀತಿ ಬರೆಯುವಾಗ ಎದುರು ಕೂರೋಕೆ ಆಟಗಾರರ ಸಂಘ ಇತ್ತು. ಭಾರತದಲ್ಲಿ 2019ರಲ್ಲಿ ಶುರುವಾದ ಕ್ರಿಕೆಟಿಗರ ಸಂಘ ಇರೋದು ನಿವೃತ್ತರಿಗೆ. ಈಗ ಆಡುತ್ತಿರುವವರ ಪರವಾಗಿ ಮೇಜಿನ ಮುಂದೆ ಕೂರೋಕೆ ಯಾರೂ ಇಲ್ಲ. ನಿಯಮ ಬರೆಯೋದು ಮಂಡಳಿ, ಅಮಾನತು ಮಾಡೋದು ಮಂಡಳಿ, ತೆಗೆಯೋದೂ ಮಂಡಳಿ. ದೊಡ್ಡ ಸ್ಟಾರ್ ಆದರೆ ಹೇಗೋ ಪಾರಾಗುತ್ತಾನೆ, ವಕೀಲರು ಸಿಗ್ತಾರೆ. ಬೆಂಚಿನಲ್ಲಿ ಕೂತಿರೋ ಹೊಸ ಹುಡುಗನ ಮೇಲೆ ಸುಳ್ಳು ಆರೋಪ ಬಂದರೆ ಅವನ ಮಾತು ಕೇಳೋರು ಯಾರು? ಅದೇ ಸ್ಟಾರ್ ಮೇಲೆ ನಿಜವಾದ ದೂರು ಬಂದರೆ ದೂರು ಕೊಟ್ಟವಳ ಮಾತು ಕೇಳೋರು ಯಾರು? ಮುಂದಿನ ಹರಾಜಿನಲ್ಲಿ ಯಾರಿಗೆ ಎಷ್ಟು ಕೋಟಿ ಅಂತ ಲೆಕ್ಕ ಹಾಕೋ ಮುಂಚೆ ಈ ಎರಡು ಪ್ರಶ್ನೆಗೆ ಲಿಖಿತ ಉತ್ತರ ಕೊಡಿ ಅಂತ ಫ್ರಾಂಚೈಸಿಗಳನ್ನು, ಮಂಡಳಿಯನ್ನು ಕೇಳೋಣ.