ಹೊಗೆಗೆ ಎರಡು ರೇಟು

ಹೋದ ಡಿಸೆಂಬರಿನಲ್ಲಿ ಕೊಯ್ಲು ನಡೆಯುವಾಗಲೇ ಮಳೆ ಹಿಡಿಯಿತು. ಮೂಡಿಗೆರೆ ಕಡೆಯ ನಮ್ಮ ಭಾವ ಕಣದಲ್ಲಿ ಹರವಿದ್ದ ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ) ಟಾರ್ಪಾಲಿಗೆ ಬಾಚಿಕೊಂಡು ಕೊಟ್ಟಿಗೆಗೆ ಓಡಿದರು. ಅಲ್ಲಿ ಹರವಿ, ಪಕ್ಕದಲ್ಲೇ ಬೆಂಕಿ ಹಾಕಿ ಮೂರು ದಿನ ಒಣಗಿಸಿದರು. ಸೌದೆ ಹಸಿ. ಕಾಫಿ ಒಣಗಿತು, ಒಣಗುತ್ತ ಹೊಗೆಯನ್ನೂ ಕುಡಿಯಿತು. ಚಿಕ್ಕಮಗಳೂರಿನ ವ್ಯಾಪಾರಿ ಒಂದು ಹಿಡಿ ಬೀಜ ಅಂಗೈಯಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಹಳಸಿದ ಸಾರು ಮೂಸಿದವರಂತೆ ಮುಖ ಮಾಡಿದರು. "ಹೊಗೆ ಹೊಡೀತಿದೆ ಗೌಡ್ರೇ." ಅಷ್ಟೇ. ಮೂಟೆಗೆ ಇಷ್ಟು ಅಂತ ಕಡಿತ. ಭಾವ ವಾದ ಮಾಡಲಿಲ್ಲ. ಹೊಗೆ ಹಿಡಿದ ಕಾಫಿ ಕೆಟ್ಟ ಕಾಫಿ ಅಂತ ಅವರಿಗೂ ಗೊತ್ತು.

ಆ ಮೂಗು ನೆನಪಿರಲಿ, ಮತ್ತೆ ಬರುತ್ತದೆ.

ಫೆಬ್ರವರಿಯಲ್ಲಿ ಭಾವನ ಗೆಳೆಯರ ಹೋಂಸ್ಟೇಯಲ್ಲಿ 'ಟೇಸ್ಟಿಂಗ್' ಇತ್ತು. ಮೊದಲೆಲ್ಲ ಇದಕ್ಕೆ ಪಾರ್ಟಿ ಅನ್ನುತ್ತಿದ್ದರು. ಪಾರ್ಟಿಯಲ್ಲಿ ಕುಡಿಯುತ್ತಾರೆ, ಟೇಸ್ಟಿಂಗ್‌ನಲ್ಲಿ ಕುಡಿಯುವ ಮೊದಲು ಇಪ್ಪತ್ತು ನಿಮಿಷ ಮೂಸುತ್ತಾರೆ. ಖರ್ಚು ಹೆಚ್ಚುವುದು ಆ ಇಪ್ಪತ್ತು ನಿಮಿಷಕ್ಕೆ. ಮೇಜಿನ ನಡುವೆ ಹೊಸ ಬಾಟಲಿ: ಶೆರಿ ಅನ್ನುವ ವೈನಿನ ಪೀಪಾಯಿಯಲ್ಲಿ ಮಾಗಿದ, ಪೀಟ್ ಹೊಗೆಯ ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಯ ಬಾರ್ಲಿ ವಿಸ್ಕಿ, ಒಂಬತ್ತು ಸಾವಿರ ಚಿಲ್ಲರೆ. ಪೆಟ್ಟಿಗೆಯ ಬಾಗಿಲಿಗೆ ಅಯಸ್ಕಾಂತ ಬೇರೆ. ಮುಚ್ಚಿದರೆ ದೊಡ್ಡ ಕಾರಿನ ಬಾಗಿಲಿನ ಹಾಗೆ 'ಟಪ್' ಅನ್ನುತ್ತದೆ. ಎಷ್ಟು ವರ್ಷದ್ದು ಅಂತ ತಿರುಗಿಸಿ ಮುರುಗಿಸಿ ನೋಡಿದೆ. ಪೀಪಾಯಿಯ ಕುಲಗೋತ್ರವೆಲ್ಲ ಬರೆದಿದೆ, ವಯಸ್ಸು ಮಾತ್ರ ಇಲ್ಲ. ಬ್ರೋಕರ್ ತಂದ ಜಾತಕದಂತೆ.

ಈ ಹೊಗೆಯ ಕಥೆ ಕೇಳಿದರೆ ಭಾವನ ಕೊಟ್ಟಿಗೆಯದೇ ಅನ್ನಬೇಕು. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತು ಬಿದ್ದಿರುವ ಹುಲ್ಲು, ಪಾಚಿ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಮರ ಕಡಿಮೆ, ಸೌದೆಗೆ ಗತಿಯಿಲ್ಲ. ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸಬೇಕು, ಹೊರಗೆ ಮಳೆ. ನೆಲವನ್ನೇ ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಒಲೆಗೆ ಹಾಕಿದರು. ಬಾರ್ಲಿ ಹೊಗೆ ಕುಡಿಯಿತು. ಬೇರೆ ದಾರಿ ಇರಲಿಲ್ಲ, ಅದನ್ನೇ ಭಟ್ಟಿ ಇಳಿಸಿದರು. ಅಲ್ಲಿ ಕಡಿತ ಮಾಡುವ ವ್ಯಾಪಾರಿ ಇರಲಿಲ್ಲ ಅಂತ ಕಾಣುತ್ತದೆ.

ಶೆರಿಯದೂ ಅಂಥದೇ ಸಂಸಾರ. ಸ್ಪೇನಿನ ಹೆರೆಸ್ ಊರಿನ ವೈನು ಹಿಂದೆ ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಹೋಗುತ್ತಿತ್ತು. ವೈನು ಖಾಲಿಯಾದ ಮೇಲೆ ಪೀಪಾಯಿ ವಾಪಸು ಕಳಿಸುವುದು ದುಬಾರಿ. ಅಗ್ಗಕ್ಕೆ ಸಿಗುತ್ತದಲ್ಲ ಅಂತ ವಿಸ್ಕಿಯವರು ಎತ್ತಿಕೊಂಡು ತಮ್ಮ ಸರಕು ತುಂಬಿದರು. ಎಣ್ಣೆ ಡಬ್ಬದಲ್ಲಿ ತುಳಸಿ ನೆಟ್ಟಂತೆ. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕೆಂಬ ಕಾನೂನು ಬಂದ ಮೇಲೆ ಹಳೇ ಪೀಪಾಯಿ ಬರುವುದು ನಿಂತಿತು. ಈಗ ವಿಸ್ಕಿಗೋಸ್ಕರವೇ ಹೊಸ ಪೀಪಾಯಿ ಮಾಡಿಸಿ, ಅದಕ್ಕೆ ಒಂದೆರಡು ವರ್ಷ ಶೆರಿ ತುಂಬಿಟ್ಟು 'ಪಳಗಿಸುತ್ತಾರೆ'. ಹೊಸ ಮಡಕೆಗೆ ಗಂಜಿ ಹಾಕಿ ಪಳಗಿಸುವುದು ನಮಗೂ ಗೊತ್ತು. ಆ ಗಂಜಿಯನ್ನು ಆಮೇಲೆ ಯಾರೂ ಬಡಿಸುವುದಿಲ್ಲ. ಅಲ್ಲಿಯೂ ಹಾಗೆ ಪಳಗಿಸಿದ ಶೆರಿ ಹೆಚ್ಚಾಗಿ ಕುಡಿಯುವವರ ಲೋಟಕ್ಕೆ ಬರುವುದಿಲ್ಲ. ಜಿಪುಣತನದಿಂದ ಹುಟ್ಟಿದ ಎರಡು ರುಚಿಗಳಿಗೆ ಈಗ ದುಂದುಗಾರಿಕೆಯ ಬೆಲೆ.

ನಮ್ಮ ದೇಶದಲ್ಲಿ ಇದು ಇನ್ನೂ ಸೊಗಸು. ಬೆಂಗಳೂರಿನ ಅಮೃತ್ ಕಂಪನಿ 1948ರಷ್ಟು ಹಳೆಯದು. ಅವರ ಸಿಂಗಲ್ ಮಾಲ್ಟ್ ಮೊದಲು ಬಿಡುಗಡೆಯಾದದ್ದು 2004ರಲ್ಲಿ, ಗ್ಲ್ಯಾಸ್ಗೋದಲ್ಲಿ. ಸೀಮೆಯವರು ಭೇಷ್ ಅಂದ ಮೇಲೆ ತಾನೇ ನಮ್ಮವರು ಬಾಯಿಗಿಡುವುದು. ಅವರ ಹೆಸರಾಂತ 'ಫ್ಯೂಶನ್' ವಿಸ್ಕಿಗೆ ಬೇಕಾದ ಪೀಟ್ ಹೊಗೆಯ ಬಾರ್ಲಿ ಬರುವುದೂ ಸ್ಕಾಟ್ಲೆಂಡಿನಿಂದಲೇ. ಅಂದರೆ ಬಚ್ಚಲು ಒಲೆಯಲ್ಲಿ ಕಣ್ಣು ಉರಿಸಿಕೊಂಡು ಬೆಳೆದ ನಾವು ಹಡಗಿನಲ್ಲಿ ಹೊಗೆ ತರಿಸಿಕೊಳ್ಳುತ್ತೇವೆ. ಪೀಪಾಯಿಯಿಂದ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಮಿಕ್ಕಿ ಹೋಗುತ್ತದೆ. ಅದಕ್ಕೆ ದೇವತೆಗಳ ಪಾಲು ಅನ್ನುತ್ತಾರೆ. ದೇವತೆಗಳ ಬಿಲ್ಲೂ ನಮ್ಮ ಲೆಕ್ಕಕ್ಕೇ. ಅವರು ಎದ್ದು ಹೋದ ಎಲೆಯ ಮುಂದೆ ಅಬಕಾರಿ ಇಲಾಖೆ ಕೂರುತ್ತದೆ.

ಬ್ರಿಟನ್ನಿನಿಂದ ಬರುವ ವಿಸ್ಕಿಗಂತೂ 2025ರಲ್ಲಿ 150 ಪರ್ಸೆಂಟ್ ಸುಂಕ ಇತ್ತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದ ಪ್ರಕಾರ ಅದು ಮೊದಲು 75ಕ್ಕೆ, ಆಮೇಲೆ ಇಳಿದೂ ಇಳಿದೂ ಹತ್ತನೇ ವರ್ಷಕ್ಕೆ 40ಕ್ಕೆ ಬರಬೇಕು. ಹೋಂಸ್ಟೇ ಮಾಲೀಕರು ಇದನ್ನು ಪಂಚಾಂಗದಂತೆ ಓದಿ ಹೇಳಿದರು. "ಹತ್ತು ವರ್ಷ ಕಾಯಬಹುದು ಮಾರಾಯ್ರೆ, ಲಿವರ್ ಕಾಯ್ಬೇಕಲ್ಲ" ಅಂದರು ಮೂಲೆಯಲ್ಲಿದ್ದ ಡಾಕ್ಟರು. ಅವರ ಲೋಟ ಆಗಲೇ ಖಾಲಿ.

ಮೂಸುವ ಕಾರ್ಯಕ್ರಮ ಶುರುವಾಯಿತು. ಮೂಗಿಗೆ ಸಿಕ್ಕ ಪರಿಮಳಕ್ಕೆ ಅಲ್ಲಿ 'ನೋಟು' ಅನ್ನುತ್ತಾರೆ. ಒಬ್ಬರಿಗೆ ಒಣದ್ರಾಕ್ಷಿ, ಇನ್ನೊಬ್ಬರಿಗೆ ಕಿತ್ತಳೆ ಸಿಪ್ಪೆ, ಮತ್ತೊಬ್ಬರಿಗೆ ಹಳೇ ಕುದುರೆ ಜೀನು. ಅವರು ಕುದುರೆ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಬೆಂಗಳೂರಿಂದ ಬಂದಿದ್ದ ಹುಡುಗ ಹೊಗೆ ಅಳೆಯುವ ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಪಾಲು) ಲೆಕ್ಕ ತೆಗೆದ: ಐಲಾದ ಆರ್ಡ್‌ಬೆಗ್ ಭಟ್ಟಿಯವರ ಬಾರ್ಲಿಯದು ಸುಮಾರು 55, ಇದರದು ಇಷ್ಟು, ಅದರದು ಅಷ್ಟು. ಆ ಅಂಕಿ ಬಾರ್ಲಿಯಲ್ಲಿರುವ ಫಿನಾಲ್‌ನದು, ಅಂದರೆ ಹೊಗೆಯ ವಾಸನೆ ಕೊಡುವ ರಾಸಾಯನಿಕದ್ದು, ಬಾಟಲಿಗೆ ಬರುವ ಹೊತ್ತಿಗೆ ಬಹಳಷ್ಟು ಉಳಿದಿರುವುದಿಲ್ಲ ಅಂತ ಹೇಳೋಣ ಅನ್ನಿಸಿತು. ಮದುವೆ ಮನೆಯಲ್ಲಿ ಚಿನ್ನದ ಟಚ್ ಕೇಳಬಾರದು, ಸುಮ್ಮನಿದ್ದೆ.

ಸುಳ್ಳು ಯಾಕೆ, ಚೆನ್ನಾಗಿತ್ತು. ಮೊದಲು ಅಜ್ಜಿ ಮನೆಯ ಹೊಗೆ ಅಟ್ಟ, ನಡುವೆ ಅಂಟುಬೆಲ್ಲ, ಕೊನೆಗೆ ಸ್ವಲ್ಪ ಫಿನಾಯಿಲು. ನಾಲ್ಕು ಸಾವಿರವಾಗಿದ್ದರೆ ನಾನೂ ಒಂದು ತರುತ್ತಿದ್ದೆ. ಒಂಬತ್ತು ಸಾವಿರ ಅಂದರೆ ಅರವತ್ತು ಎಂಎಲ್‌ಗೆ 720 ರೂಪಾಯಿ. ಗುಟುಕು ಇಳಿಯುವ ಮೊದಲೇ ಲೆಕ್ಕ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಆಗ ಎದುರು ಸೋಫಾದಲ್ಲಿ ಆ ಮೂಗು ಕಂಡಿತು. ಡಿಸೆಂಬರಿನ ವ್ಯಾಪಾರಿ. ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ತಿರುಗಿಸಿ, ಮೂಗು ಒಳಗಿಟ್ಟು, ಕಣ್ಣು ಮುಚ್ಚಿ, "ಆಹಾ... ಹೊಗೆ!" ಅಂದರು. ಗರ್ಭಗುಡಿಯ ಮುಂದೆ ನಿಂತವರ ಮುಖ.

ಭಾವ ಮೆಲ್ಲಗೆ ಕೇಳಿದರು: "ಹೊಗೆ ಹೊಡೀತಿದೆಯಲ್ಲ ಸ್ವಾಮಿ, ಎಷ್ಟು ಕಡಿತ ಮಾಡ್ಸೋಣ?"

ವ್ಯಾಪಾರಿ ಕಣ್ಣು ತೆರೆಯಲಿಲ್ಲ. "ಗೌಡ್ರೇ, ನಿಮ್ದು ವಾಸನೆ. ಇದು ನೋಟು."

"ಅದೇ ನಾನೂ ನೋಡ್ತಿರೋದು. ಹದಿನೆಂಟು ಐನೂರರ ನೋಟು" ಅಂತ ಭಾವ ತಮ್ಮ ಲೋಟಕ್ಕೆ ಅಂಚಿನವರೆಗೆ ಸೋಡ ಸುರಿದರು. ಬೆಂಗಳೂರಿನ ಹುಡುಗ "ಅಂಕಲ್!" ಅಂತ ಚೀರಿದ. ಅಷ್ಟರಲ್ಲಿ ಕಾಳುಮೆಣಸು ಹಾಕಿ ಹುರಿದ ಹಂದಿ ಮಾಂಸ ಬಂತು, ಎಲ್ಲರ ಮೂಗೂ ಆ ಕಡೆ ತಿರುಗಿತು.