ಮೊದಲು ನಾಡಿ, ಆಮೇಲೆ ಚೀಟಿ

ನಮ್ಮೂರು ಸಿಂಧನೂರಿನ ಹತ್ತಿರ. ನಾನು ಚೆನ್ನೈ ಸೇರಿ 12 ವರ್ಷ ಆಯಿತು.

ಹೋದ ಸುಗ್ಗಿಗೆ ಊರಿಗೆ ಬಂದಿದ್ದೆ. ಒಂದು ರಾತ್ರಿ ಕಾಕಾನ ಮಗ ಬೈಕಿನಲ್ಲಿ ಬರುವಾಗ ದಾರಿಯಲ್ಲಿ ನಿಂತಿದ್ದ ಭತ್ತದ ಟ್ರ್ಯಾಕ್ಟರಿಗೆ ಗುದ್ದಿದ. ಟ್ರಾಲಿಯ ಹಿಂದೆ ಒಂದು ಕೆಂಪು ದೀಪವೂ ಇರಲಿಲ್ಲ. ಹತ್ತಿರದ ಒಂದು ಆಸ್ಪತ್ರೆಗೆ ಹೊತ್ತೊಯ್ದೆವು. ಅಲ್ಲಿ ಕೇಳಿದ ಮೊದಲ ಮಾತು, "ಚೀಟಿ ಮಾಡಿಸ್ಕೊಂಡು ಬರ್ರಿ." ನಾನು ಕೌಂಟರಿಗೆ ಓಡಿದೆ. ಹಣೆ ಒಡೆದು ರಕ್ತ ಸುರಿಯುತ್ತಿತ್ತು, ಎಲ್ಲರ ಕಣ್ಣೂ ಅಲ್ಲೇ. ಐದು ಹೊಲಿಗೆ ಹಾಕಿದರು. "ಹೊಟ್ಟಿ ಬಿಗಿ ಆಗ್ಯಾದ ಅಣ್ಣಾ" ಅಂತ ಅವನು ಎರಡು ಸಲ ಅಂದ. ಯಾರೂ ಹೊಟ್ಟೆ ಮುಟ್ಟಿ ನೋಡಲಿಲ್ಲ. ಬಿಪಿ ನೋಡಿದ್ದು ಮುಕ್ಕಾಲು ಗಂಟೆ ಕಳೆದ ಮೇಲೆ. ಅಷ್ಟೊತ್ತಿಗೆ ಅವನ ಅಂಗೈ ತಣ್ಣಗಾಗಿ ಬೆವರಿನಿಂದ ಒದ್ದೆಯಾಗಿತ್ತು.

ಆಮೇಲೆ ಗಡಿಬಿಡಿ. "ದೊಡ್ಡ ಆಸ್ಪತ್ರಿಗೆ ಒಯ್ರಿ." ಯಾವುದಕ್ಕೆ? ರಾಯಚೂರೂ ಸುಮಾರು 80 ಕಿ.ಮೀ., ಬಳ್ಳಾರಿಯೂ ಅಷ್ಟೇ. ಕಾಕಾ ನನ್ನ ಮುಖ ನೋಡಿದರು. ಸಿರಗುಪ್ಪದ ಮೇಲೆ ಬಳ್ಳಾರಿಗೆ ಹೋದೆವು. ಗುಲ್ಮ, ಅಂದರೆ ಹೊಟ್ಟೆಯ ಎಡಬದಿಯಲ್ಲಿರುವ ಸ್ಪ್ಲೀನ್, ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಅಲ್ಲಿನ ಡಾಕ್ಟರು ಆಪರೇಷನ್ ಮಾಡಿ ಉಳಿಸಿದರು.

ಚೆನ್ನೈನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗ ಹೀಗೇ ಬಿದ್ದಿದ್ದ. ಸರ್ಕಾರಿ ಆಸ್ಪತ್ರೆಗೇ ಒಯ್ದಿದ್ದೆವು. ಬಾಗಿಲಲ್ಲೇ ನರ್ಸಮ್ಮ ನಾಡಿ, ಬಿಪಿ, ಉಸಿರು ನೋಡಿ, ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿದರು. ಎರಡು ನಿಮಿಷದ ಕೆಲಸ. ಅದರ ಮೇಲೆ ರೋಗಿಗೆ ಒಂದು ಬಣ್ಣ ಕೊಡುತ್ತಾರೆ. ಕೆಂಪು ಅಂದರೆ ಈಗಲೇ ಒಳಗೆ, ಹಳದಿ ಅಂದರೆ ಸ್ವಲ್ಪ ತಡೆಯಬಹುದು, ಹಸಿರು ಅಂದರೆ ಕಾಯಬಹುದು. ಇದಕ್ಕೆ ಟ್ರಯಾಜ್ ಅಂತಾರೆ. ಜೋರಾಗಿ ಕೂಗುವವನಿಗೆ ಕೂಗುವಷ್ಟು ಉಸಿರಾದರೂ ಇದೆ. ಸುಮ್ನೆ ಮಲಗಿದವನನ್ನೇ ಮೊದಲು ನೋಡಬೇಕು, ಅಲ್ವಾ? ಚೀಟಿ, ಪೊಲೀಸು ಎಲ್ಲ ಆಮೇಲೆ.

ಅಲ್ಲಿ ಎಲ್ಲವೂ ಚೆಂದ ಅಂತ ಹೇಳುತ್ತಿಲ್ಲ. ವಾರ್ಡಿನಲ್ಲಿ ನೆಲದ ಮೇಲೆ ಮಲಗಿದವರನ್ನೂ ಕಂಡಿದ್ದೇನೆ. ಆದರೆ ಆ ಬಾಗಿಲು ಮಾತ್ರ ಸರಿಯಾಗಿದೆ. 2021ರಿಂದ ತಮಿಳುನಾಡಿನಲ್ಲಿ 'ಇನ್ನುಯಿರ್ ಕಾಪ್ಪೋಂ' ಯೋಜನೆಯೂ ಇದೆ. ಅಪಘಾತವಾದ ಮೊದಲ 48 ಗಂಟೆ ಚಿಕಿತ್ಸೆ ಉಚಿತ, ಯಾವ ರಾಜ್ಯದವರಾದರೂ ಸರಿ.

ಇಂಥದ್ದನ್ನು ನಮ್ಮ ಕರ್ನಾಟಕ ಅದಕ್ಕೂ ಮೊದಲೇ ಮಾಡಿತ್ತು. 2016ರಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕು ದೇಹ ಎರಡು ತುಂಡಾದರೂ ಅಂಗದಾನ ಮಾಡಿ ಎಂದ ಹರೀಶ್ ನೆನಪಿದ್ದಾನಲ್ಲ? ಆ ವರ್ಷವೇ ಅವನ ಹೆಸರಲ್ಲಿ 'ಸಾಂತ್ವನ' ಯೋಜನೆ ಬಂತು. ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸರ್ಕಾರದ್ದು. ಆ ರಾತ್ರಿ ಕಾಕಾ ಅಂಗಿ ಜೇಬಿನ ನೋಟು ಎಣಿಸುತ್ತಾ ನಿಂತಿದ್ದರು. ಇಂಥದ್ದೊಂದು ಬಂದಿತ್ತು ಅನ್ನೋದೇ ಅವರಿಗೆ ಗೊತ್ತಿರಲಿಲ್ಲ.

ಪ್ರತಿ ತಾಲ್ಲೂಕಿಗೂ ದೊಡ್ಡ ಆಸ್ಪತ್ರೆ ಕಟ್ಟಿಸಿ ಅಂತ ನಾನು ಕೇಳುವುದಿಲ್ಲ. ರಾತ್ರಿಯೂ ಬಾಗಿಲಲ್ಲಿ ತರಬೇತಿ ಪಡೆದ ಒಬ್ಬ ನರ್ಸ್, ಕೈಯಲ್ಲಿ ಬಿಪಿ ಯಂತ್ರ. ಬೇರೆ ಕಡೆ ಕಳಿಸುವುದಾದರೆ, ಎಲ್ಲಿಗೆ ಅಂತ ಅವರೇ ಹೇಳಬೇಕು. ಗಾಡಿ ಹೊರಡುವ ಮೊದಲೇ ಆ ಆಸ್ಪತ್ರೆಗೆ ಫೋನ್ ಮಾಡಿ, ಯಾವ ಗುಂಪಿನ ರಕ್ತ ಬೇಕು ಅಂತ ತಿಳಿಸಬೇಕು.